ದುಡಿ ಕೈಲಿದ್ದವರೇ ಚೋಮ

ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ'ಯನ್ನು ಮಕ್ಕಳಿಂದ ಕಾಂಟೆಂಪರರಿ ಡ್ಯಾನ್ಸ್ ಆಗಿ ಮಾಡಿಸುತ್ತೇನೆ ಅಂದಾಗ, "ಚೋಮನ ದುಡಿ ಮಕ್ಕಳ ಕೈಲಿ? ಅದೂ ಕಾಂಟೆಂಪರರಿ?" ಅಂತ ಮೂಗು ಮುರಿದವರೇ ಜಾಸ್ತಿ. ಈಗ ಅವರೇ ವಿಡಿಯೋ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡುತ್ತೇನೆ.

ಶುರುವಿನಲ್ಲಿ ಒಬ್ಬ ಚೋಮ, ಒಬ್ಬಳು ಅವನ ಮಗಳು ಬೆಳ್ಳಿ, ಉಳಿದವರು ಹಿಂದೆ ಸಾಲಾಗಿ. ಡ್ಯಾನ್ಸ್ ಮೇಲೇಳಲೇ ಇಲ್ಲ. ಹದಿನಾಲ್ಕರ ಹುಡುಗ ಬೆನ್ನು ಬಗ್ಗಿಸಿ ಮುದುಕನಾದರೆ ಸ್ಕೂಲ್ ಡೇ ಥರಾನೇ ಕಾಣುತ್ತದೆ, ಅಲ್ವಾ? ಆಮೇಲೆ ಪಾತ್ರ ಹಂಚುವುದನ್ನೇ ಬಿಟ್ಟೆ. ದುಡಿ, ಅಂದರೆ ಚೋಮ ಬಾರಿಸುವ ಆ ಚರ್ಮವಾದ್ಯ, ಯಾರ ಕೈಲಿದೆಯೋ ಅವರೇ ಚೋಮ. ಇಪ್ಪತ್ತು ಚಿಲ್ಲರೆ ಮಕ್ಕಳ ನಡುವೆ ಅದು ಕೈಯಿಂದ ಕೈಗೆ ಹೋಗುತ್ತದೆ. ಹುಡುಗಿ ಬಾರಿಸಿದರೂ ಚೋಮನೇ. ಮುದುಕನ ನಟನೆ ಬೇಡ. ಭಾರ ಹಿಮ್ಮಡಿಗೆ ಬಿಟ್ಟು ಮೊಣಕಾಲು ಸಡಿಲಿಸಿದರೆ ಸಾಕು.

ದೊಡ್ಡ ಪೆಟ್ಟು ಕೊಟ್ಟಿದ್ದು ರೆಕಾರ್ಡ್ ಮಾಡಿಸಿದ ಮ್ಯೂಸಿಕ್ ಟ್ರ್ಯಾಕ್. ಸ್ಟುಡಿಯೋಗೆ ಮೂವತ್ತು ಸಾವಿರದ ಹತ್ತಿರ ಸುರಿದೆ. ಒಂದರಿಂದ ಎಂಟರ ತನಕ ಎಣಿಸುವ ಕೌಂಟಿಗೆ ಮಕ್ಕಳು ಚೆನ್ನಾಗೇ ಕುಣಿದರು, ಆದರೆ ಮುಖದಲ್ಲಿ ಲೆಕ್ಕ ಓಡುತ್ತಿತ್ತು. ಟ್ರ್ಯಾಕ್ ಕಿತ್ತು ಬರೀ ದುಡಿ ಇಟ್ಟೆ. ಬಾರಿಸುವವರು ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿಂತರೆ ಎಲ್ಲರೂ ಅಲ್ಲೇ, ಎತ್ತಿದ ಕಾಲು ಎತ್ತಿದ ಹಾಗೇ. ವಾರಗಳಲ್ಲಿ ಕಿವಿ ಚುರುಕಾಯ್ತು. ಮಳೆಗಾಲದಲ್ಲಿ ಮಾತ್ರ ಚರ್ಮ ಸಡಿಲವಾಗಿ ದುಡಿ ಬೊದ್ ಬೊದ್ ಅನ್ನುತ್ತದೆ. ಬೆಂಕಿಗೆ ಹಿಡಿಯಬೇಕು, ಹಾಲ್‌ನವರು ಒಳಗೆ ಬೆಂಕಿ ಬೇಡ ಅಂದರು. ಅದಕ್ಕೇ ಎರಡು ದುಡಿ ಬೇಕು: ಒಂದು ಹೊರಗೆ ಬೆಂಕಿಗೆ ಬಿಸಿಯಾಗುತ್ತಿರಲಿ, ಒಂದು ಒಳಗೆ ನುಡಿಯುತ್ತಿರಲಿ.

ಯಕ್ಷಗಾನದಿಂದ ಮಾತು ತೆಗೆದು ಬ್ಯಾಲೆ ಮಾಡಿದವರು ಕಾರಂತರೇ. ಅದಕ್ಕೆ ಸ್ಯಾಕ್ಸೋಫೋನ್ ತಂದವರೂ ಅವರೇ. ಆ ಧೈರ್ಯದ ಮೇಲೆ ನಾನೂ ಒಂದು ಸ್ಯಾಕ್ಸೋಫೋನ್ ಸೇರಿಸಿ ನೋಡಿದೆ. ದುಡಿಯನ್ನೇ ನುಂಗಿಬಿಟ್ಟಿತು. ಕಾಫಿ ತೋಟದ ದೃಶ್ಯಕ್ಕೆ ಮಾತ್ರ ಉಳಿಸಿಕೊಂಡೆ, ಅಲ್ಲಿ ಆ ಜೋರು ಸರಿಹೋಗುತ್ತದೆ.

ಚೋಮನ ಮಗ ನೀಲ ನೀರಲ್ಲಿ ಮುಳುಗುವಾಗ ದಯವಿಟ್ಟು ನೀಲಿ ಬಟ್ಟೆ ಅಲ್ಲಾಡಿಸಬೇಡಿ. ನಮ್ಮಲ್ಲಿ ನೀರೇ ಇಲ್ಲ. ದಡದಲ್ಲಿ ನಿಂತವರ ಕೈಗಳ ಮೇಲೆ ಕೆಲಸ ಮಾಡಿದೆವು ಅಂತಷ್ಟೇ ಹೇಳುತ್ತೇನೆ, ಉಳಿದದ್ದು ಶೋಗೆ ಬಂದು ನೋಡಿ. ಆ ಜಾಗದಲ್ಲಿ ಜನ ಕೆಮ್ಮೋದೂ ಇಲ್ಲ.

ಒಟ್ಟು ಖರ್ಚು ಒಂದೂವರೆ ಲಕ್ಷದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಲೈಟು, ಹಾಲ್ ಬಾಡಿಗೆಗೇ ಹೋಯ್ತು. ಡ್ಯಾನ್ಸ್ ಮ್ಯಾಟ್ ಬಾಡಿಗೆ ಕೇಳಿ ಸುಮ್ನೆ ವಾಪಸ್ ಬಂದೆ. ಸಿಮೆಂಟ್ ನೆಲದಲ್ಲಿ ಉರುಳೋಕೆ ವಾಲಿಬಾಲ್ ಆಡುವವರ ಮೊಣಕಾಲಿನ ಪ್ಯಾಡ್ ಸಾಕಾಯ್ತು, ಬಟ್ಟೆಯೊಳಗೆ ಕಾಣುವುದೂ ಇಲ್ಲ. ಟಿಕೆಟ್‌ನಿಂದ ಮುಕ್ಕಾಲು ಪಾಲು ವಾಪಸ್ ಬಂತು.

ಇನ್ನೊಂದು, ಕಾದಂಬರಿ 1933ರದ್ದು, ಹಳೇದು, ಯಾರು ಕೇಳ್ತಾರೆ ಅಂದುಕೊಳ್ಳಬೇಡಿ. ಕಾರಂತರು ತೀರಿಕೊಂಡಿದ್ದು 1997ರಲ್ಲಿ. ಅಲ್ಲಿಂದ ಅರವತ್ತು ವರ್ಷ, ಅಂದರೆ 2057 ಮುಗಿಯುವ ತನಕ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಹಾಲ್ ಬುಕ್ ಮಾಡುವ ಮುಂಚೆಯೇ ಕಾಗದ ಬರೆಯಿರಿ.