ಕೆ.ಆರ್. ಆಸ್ಪತ್ರೆ ಸುತ್ತಲಿನ ಗದ್ದಲ: ಅಳೆಯುವುದು, ಲೆಕ್ಕ ಹಾಕುವುದು, ನಕ್ಷೆಗಿಳಿಸುವುದು

ಮೈಸೂರಿನಲ್ಲಿ ಶಬ್ದದ ನಕ್ಷೆ ಮಾಡಲು ಕೆ.ಆರ್. ಆಸ್ಪತ್ರೆಯ ಸುತ್ತಮುತ್ತಲಿಗಿಂತ ಕಷ್ಟದ ಜಾಗ ಸಿಗಲಿಕ್ಕಿಲ್ಲ. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಸಯ್ಯಾಜಿರಾವ್ ರಸ್ತೆಯ ಅಂಗಡಿಸಾಲು. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಹಗಲಿನ (ಬೆಳಿಗ್ಗೆ 6ರಿಂದ ರಾತ್ರಿ 10) ಮಿತಿ ನಿಶ್ಶಬ್ದ ವಲಯಕ್ಕೆ 50 ಡೆಸಿಬೆಲ್, ವಸತಿಗೆ 55, ವಾಣಿಜ್ಯಕ್ಕೆ 65, ಕೈಗಾರಿಕೆಗೆ 75. ರಾತ್ರಿಗೆ ಇದೇ ಕ್ರಮದಲ್ಲಿ 40, 45, 55, 70. ಆಸ್ಪತ್ರೆ ಇದ್ದ ಮಾತ್ರಕ್ಕೆ ನಿಶ್ಶಬ್ದ ವಲಯ ಆಗಿಬಿಡುವುದಿಲ್ಲ. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಹಾಗೆಂದು ಘೋಷಿಸಿರಬೇಕು. ಅದನ್ನು ಮೊದಲು ವಿಚಾರಿಸಿಕೊಳ್ಳಿ.

ಅಳತೆಗೆ ಕ್ಲಾಸ್ 2 (ನಿಖರತೆಯ ಒಂದು ದರ್ಜೆ) ಸೌಂಡ್ ಲೆವೆಲ್ ಮೀಟರ್, ಟ್ರೈಪಾಡ್, ಮೈಕಿಗೆ ಸ್ಪಂಜಿನ ಟೋಪಿ, 94 ಡೆಸಿಬೆಲ್‌ನ ಕ್ಯಾಲಿಬ್ರೇಟರ್ (ಮೀಟರ್ ಸರಿಯಿದೆಯೇ ಎಂದು ನೋಡಲು ಗೊತ್ತಿರುವ ಶಬ್ದ ಹೊರಡಿಸುವ ಸಾಧನ) ಬೇಕು. ಮೀಟರನ್ನು 'ಎ' ವೇಯ್ಟಿಂಗ್‌ಗೆ (ಮನುಷ್ಯರ ಕಿವಿಗೆ ಕೇಳಿಸುವಂತೆ ಶಬ್ದವನ್ನು ತೂಗುವ ಆಯ್ಕೆ) ಹಾಕಿ. ಮೈಕ್ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿರಲಿ, ಗೋಡೆಯಿಂದ ಕನಿಷ್ಠ 3.5 ಮೀಟರ್ ದೂರವಿರಲಿ. ಅಂಗಡಿಯ ಶಟರ್‌ಗೆ ಒರಗಿಸಿ ಇಟ್ಟರೆ ಪ್ರತಿಫಲನ ಸೇರಿ ಓದು (ಮೀಟರ್ ತೋರಿಸುವ ಅಂಕಿ) 3ರಿಂದ 6 ಡೆಸಿಬೆಲ್‌ವರೆಗೂ ಏರಬಹುದು. ಕೆಲಸ ಶುರುವಾಗುವ ಮುಂಚೆ, ಮುಗಿದ ಮೇಲೆ ಎರಡು ಸಲವೂ ಕ್ಯಾಲಿಬ್ರೇಟರ್ ಹಚ್ಚಿ, ವ್ಯತ್ಯಾಸ 0.5 ದಾಟಿದರೆ ನಡುವಿನ ಓದುಗಳನ್ನೆಲ್ಲ ಬಿಟ್ಟುಬಿಡಿ. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಿದಾಗ, ಮಳೆ ಬಂದು ರಸ್ತೆ ಒದ್ದೆಯಾದಾಗ ಅಳೆಯಬೇಡಿ. ದಸರಾ ದಿನಗಳ ಓದನ್ನು ಬೇರೆಯೇ ಇಟ್ಟುಕೊಳ್ಳಿ. ಮೊಬೈಲ್ ಆ್ಯಪ್ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡಲು ಸಾಕು, ಮಿತಿ ಮೀರಿದೆ ಎಂದು ವಾದಿಸಲು ಸಾಲದು.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಡೆಸಿಬೆಲ್‌ಗಳನ್ನು ಕೂಡಿ ಭಾಗಿಸಿ ಸರಾಸರಿ ತೆಗೆಯುವಂತಿಲ್ಲ. ಸಮಾನ ಅವಧಿಯ ನಾಲ್ಕು ಓದುಗಳು 60, 60, 60, 80 ಎಂದಿಟ್ಟುಕೊಳ್ಳಿ, ಕೊನೆಯದು ಹಾರ್ನ್ ಒತ್ತಿಕೊಂಡು ಹೋದ ಬಸ್ಸಿನದು. ಮಾಮೂಲಿ ಸರಾಸರಿ 65, ಅಂದರೆ ವಾಣಿಜ್ಯ ಮಿತಿಗೆ ಸರಿಯಾಗಿ ಕೂರುತ್ತದೆ! ನಿಜವಾದ ಸಮಾನ ಮಟ್ಟ (ಏರಿಳಿಯುವ ಶಬ್ದದಷ್ಟೇ ಒಟ್ಟು ಶಕ್ತಿ ಇರುವ ಒಂದೇ ಸ್ಥಿರ ಮಟ್ಟ) 74.1. ಅದನ್ನು ಹೀಗೆ ತೆಗೆಯಬೇಕು: ಪ್ರತಿ ಓದನ್ನು 10ರಿಂದ ಭಾಗಿಸಿ, ಬಂದದ್ದನ್ನು 10ರ ಘಾತವಾಗಿ ಏರಿಸಿ, ಆ ಸಂಖ್ಯೆಗಳ ಸರಾಸರಿ ತೆಗೆದು, ಅದರ ಲಾಗ್ ಅನ್ನು 10ರಿಂದ ಗುಣಿಸಿ. ನಿಯಮದ ಮಿತಿಗಳೂ ಇದೇ ಸಮಾನ ಮಟ್ಟಕ್ಕೆ ಸೇರಿದವು, ಮತ್ತು ಇಡೀ ಹಗಲು ಅಥವಾ ಇಡೀ ರಾತ್ರಿಯದಕ್ಕೆ. ಹದಿನೈದು ನಿಮಿಷದ ಓದನ್ನು ನೇರ ಹೋಲಿಸಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ದಟ್ಟಣೆ, ರಾತ್ರಿ ಬೇರೆ ಬೇರೆ ಅಳೆದು, ಪ್ರತಿಯೊಂದು ಎಷ್ಟು ಗಂಟೆಗೆ ಅನ್ವಯಿಸುತ್ತದೋ ಅಷ್ಟು ತೂಕ ಕೊಟ್ಟು ಕೂಡಿ.

ಜನರೇಟರ್ ಒಂದರದ್ದೇ ಶಬ್ದ ಬೇಕಿದ್ದರೆ ಕಳೆಯುವುದೂ ಹೀಗೆಯೇ: ಓಡುವಾಗ 68, ನಿಲ್ಲಿಸಿದಾಗ 62 ಇದ್ದರೆ ಅದರ ಪಾಲು 66.7. ವ್ಯತ್ಯಾಸ 3ಕ್ಕಿಂತ ಕಡಿಮೆ ಬಂದರೆ ಉತ್ತರವನ್ನು ನಂಬುವಂತಿಲ್ಲ.

ಇನ್ನು ನಕ್ಷೆ. ಹೆಸರು, ಅಕ್ಷಾಂಶ, ರೇಖಾಂಶ, ಹಗಲಿನ ಮಟ್ಟ, ರಾತ್ರಿಯ ಮಟ್ಟ ಎಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಕಡತ) ಮಾಡಿ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶಕ್ಕೆ ಹಾಕಿ. ಎಕ್ಸ್‌ಗೆ ರೇಖಾಂಶ (76.6ರ ಆಸುಪಾಸು), ವೈಗೆ ಅಕ್ಷಾಂಶ (12.3). ತಿರುಗಾಮುರುಗಾ ಆದರೆ ನಿಮ್ಮ ಮೈಸೂರು ಆರ್ಕ್‌ಟಿಕ್ ಸಮುದ್ರದಲ್ಲಿ ತೇಲುತ್ತದೆ. ಆಮೇಲೆ ಪದರವನ್ನು ದೂರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ನಿರ್ದೇಶಾಂಕ ಪದ್ಧತಿಗೆ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಬದಲಿಸಿ ಉಳಿಸಿ. ನಿಶ್ಶಬ್ದ ವಲಯ ಗುರುತಿಸಲು ಆಸ್ಪತ್ರೆಯ ಸುತ್ತ 100 ಮೀಟರ್ ಬಫರ್ (ಸುತ್ತುಪಟ್ಟಿ) ಹಾಕಲು ಇದು ಬೇಕೇಬೇಕು. ಇಲ್ಲದಿದ್ದರೆ 100 ಎಂದದ್ದನ್ನು ತಂತ್ರಾಂಶ 100 ಡಿಗ್ರಿ ಎಂದು ಓದುತ್ತದೆ.

ಐಡಿಡಬ್ಲ್ಯು ಇಂಟರ್‌ಪೊಲೇಶನ್ (ಅಳೆದ ಬಿಂದುಗಳ ನಡುವಿನ ಜಾಗಕ್ಕೆ ದೂರದ ಲೆಕ್ಕದಲ್ಲಿ ಅಂದಾಜು ತುಂಬುವ ವಿಧಾನ) ಒತ್ತಿದ ಕೂಡಲೇ ಚಂದದ ಬಣ್ಣ ಬರುತ್ತದೆ, ಆದರೆ ಅದಕ್ಕೆ ಕಟ್ಟಡ ಕಾಣುವುದಿಲ್ಲ. ರಸ್ತೆಯ 75 ಅನ್ನು ದೇವರಾಜ ಮಾರುಕಟ್ಟೆಯ ಗೋಡೆ ದಾಟಿಸಿ ಒಳಗಿನ ಓಣಿಗೂ ಬಳಿದುಬಿಡುತ್ತದೆ. ಅದಕ್ಕೇ ಮುಖ್ಯರಸ್ತೆಯಲ್ಲಿ ಹತ್ತಿರ ಹತ್ತಿರ ಬಿಂದುಗಳನ್ನು ಹಿಡಿದು, ಕಟ್ಟಡದ ಹಿಂದೆಯೂ ಒಂದೊಂದು ಅಳೆಯಿರಿ. ತೆರೆದ ಜಾಗದಲ್ಲಿ ಸಂಚಾರದ ಶಬ್ದ ದೂರ ದುಪ್ಪಟ್ಟಾದಾಗ ಸುಮಾರು 3 ಡೆಸಿಬೆಲ್ ಇಳಿಯುತ್ತದೆ, ಒಂಟಿ ಜನರೇಟರ್‌ನದು 6; ನಕ್ಷೆಯ ಇಳಿತ ಇದಕ್ಕೆ ಹೊಂದುತ್ತದೆಯೇ ನೋಡಿ. ಬಣ್ಣವನ್ನು 5 ಡೆಸಿಬೆಲ್ ಅಂತರದಲ್ಲಿ ಕೊಡಿ. ಅಳೆಯದ ಜಾಗವನ್ನು ಖಾಲಿ ಬಿಡಿ.