ಮೊದಲ ವರ್ಷದವರಿಗೆ: ಅಂದಿನ ನೋಟ್ಸ್ ಅಂದೇ ನೋಡಿ
ಈ ವರ್ಷ ಯೂನಿವರ್ಸಿಟಿಗೆ ಸೇರಿದವರಿಗೆ ಒಂದು ಮಾತು. ಇಲ್ಲಿ ಹೋಮ್‌ವರ್ಕ್ ಕೇಳುವವರಿಲ್ಲ. ಅದಕ್ಕೇ ಮೊದಲ ತಿಂಗಳು ಆರಾಮ ಅನಿಸುತ್ತದೆ. ನಾನೂ ಹಾಗೇ ಬಿಟ್ಟಿದ್ದೆ. ಪರೀಕ್ಷೆ ಹತ್ತಿರ ಬಂದಾಗ ನೋಟ್ಸ್ ತೆಗೆದರೆ, ಒಂದು ಬಾಣದ ಗುರುತು, ಪಕ್ಕದಲ್ಲಿ ‘ಇದು ಮುಖ್ಯ’ ಅಂತ ನನ್ನದೇ ಅಕ್ಷರ. ಯಾವುದು ಮುಖ್ಯ? ಯಾರಿಗೆ ಗೊತ್ತು!

ಅಂದಿನ ನೋಟ್ಸ್‌ಗೆ ಅಂದೇ ಸಂಜೆ ಹತ್ತು ನಿಮಿಷ ಕೊಡಿ. ಸುಮ್ನೆ ಓದಬೇಡಿ. ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಕಲಿತದ್ದು ಮೊದಲ ದಿನವೇ ಜಾಸ್ತಿ ಮರೆತುಹೋಗುತ್ತದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ ತಮ್ಮ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಇದನ್ನು ತೋರಿಸಿದ್ದರು. ಬರೆಯಲಾಗದ ಕಡೆ ಪ್ರಶ್ನೆ ಗುರುತು ಹಾಕಿ, ಮರುದಿನ ಲೆಕ್ಚರರ್ ಹತ್ತಿರ ಅದೊಂದನ್ನೇ ಕೇಳಿ. ‘ಏನೂ ಅರ್ಥವಾಗಲಿಲ್ಲ’ ಅಂದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು, ಅಲ್ವಾ?