ಮೊದಲ ದಿನ ಮೂರು, ಮೂರನೆಯ ದಿನ ಮೂವತ್ತೆಂಟು: ಡಿಕಾಯ್ ಇಟ್ಟು ಪಾರಿವಾಳ ಹೊಡೆದ ನನ್ನ ಅನುಭವ

ಕಳೆದ ಫೆಬ್ರುವರಿಯ ಒಂದು ಶನಿವಾರ, ಇಂಗ್ಲೆಂಡಿನ ಲಿಂಕನ್‌ಶೈರ್‌ನ ಹಾರ್ನ್‌ಕಾಸಲ್ ಬಳಿಯ ಎಣ್ಣೆಸಾಸಿವೆ ಹೊಲವೊಂದರಲ್ಲಿ, ಹಕ್ಕಿಗಳನ್ನು ಸೆಳೆಯುವ ನಕಲಿ ಪಾರಿವಾಳಗಳಾದ ಕೇವಲ 9 ಪ್ಲಾಸ್ಟಿಕ್ ಡಿಕಾಯ್‌ಗಳನ್ನು ಇಟ್ಟುಕೊಂಡು, ರೆಕ್ಕೆ ಬಿಡಿಸಿದ ಹಕ್ಕಿಗಳನ್ನು ಕೋಲಿನ ತುದಿಯಲ್ಲಿಟ್ಟು ಸುತ್ತಿಸುವ, ಎಲ್ಲರೂ ಮ್ಯಾಗ್ನೆಟ್ ಎಂದು ಕರೆಯುವ ತಿರುಗುಯಂತ್ರವನ್ನು ಕಾರಿನ ಡಿಕ್ಕಿಯಲ್ಲಿಯೇ ಬಿಟ್ಟು, ನಾನು 38 ಕಾಡುಪಾರಿವಾಳಗಳನ್ನು ಹೊಡೆದೆ. 1962ರ ಜನವರಿಯಲ್ಲಿ ಇಂಗ್ಲೆಂಡಿನ ಹೆಸರಾಂತ ಪಾರಿವಾಳ ಬೇಟೆಗಾರ ಆರ್ಚಿ ಕೋಟ್ಸ್ ಅವರು ಒಂದೇ ದಿನ 550 ಹೊಡೆದ ಲೆಕ್ಕದ ಮುಂದೆ ಇದು ಏನೂ ಅಲ್ಲವೆಂಬುದು ನನಗೂ ಗೊತ್ತಿದೆ. ಆದರೆ ಅದಕ್ಕೆ ಐದು ವಾರ ಮೊದಲು, ಅದೇ ಹೊಲದಲ್ಲಿ, ಎರಡು ಡಜನ್ ಡಿಕಾಯ್, ಯಂತ್ರ, ಬ್ಯಾಟರಿ ಎಲ್ಲವನ್ನೂ ಹೊತ್ತು ಹೋದ ನನ್ನ ಮೊದಲ ದಿನದ ಗಳಿಕೆ 3 ಹಕ್ಕಿ, ಖರ್ಚಾದದ್ದು ಸುಮಾರು 70 ತೋಟೆ. ಆ ನಡುವೆ ನನ್ನ ಲೆಕ್ಕಾಚಾರವನ್ನು ಕೇಳಿ ನಕ್ಕವರಲ್ಲಿ ಮೂವರಾದರೂ ಇದನ್ನು ಓದುತ್ತಾರೆಂಬ ನಂಬಿಕೆಯಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ನಮ್ಮದು ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಮನೆಯಾದ್ದರಿಂದ ಕೋವಿಗೆ ಪರವಾನಗಿಯ ವಿನಾಯಿತಿ ಇತ್ತು. ಕೈಲ್ ಮುಹೂರ್ತದಂದು ಕೋವಿಯ ನಳಿಗೆಗೆ ತೋಕ್ ಹೂ ಸಿಕ್ಕಿಸಿ ಪೂಜೆ ಮಾಡಿ, ಊಟವಾದ ಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಡುವುದು ಚಿಕ್ಕಂದಿನಿಂದ ನೋಡಿದ ಮತ್ತು ಮಾಡಿದ ಕೆಲಸ. ಎರಡು ಸಲ ಬಹುಮಾನವನ್ನೂ ಪಡೆದಿದ್ದೇನೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಮಾತೇ ಇಲ್ಲದ್ದರಿಂದ ಹಾರುವ ಹಕ್ಕಿಯ ಮೇಲೆ ನಾನು ಒಮ್ಮೆಯೂ ಕೋವಿ ಎತ್ತಿರಲಿಲ್ಲ, ಆದರೂ ಗುರಿ ಎಂದರೆ ಗುರಿಯೇ ತಾನೆ ಎಂಬ ಧೈರ್ಯವಿತ್ತು. ಆ ಧೈರ್ಯವೇ ನನಗೆ ಮುಳುವಾಯಿತು. ತೆಂಗಿನಕಾಯಿಗೆ ಹೊಡೆಯುವವನು ಉಸಿರು ಬಿಗಿಹಿಡಿದು, ಕೋವಿಯನ್ನು ನಿಲ್ಲಿಸಿ, ಮೆಲ್ಲಗೆ ಕುದುರೆ (ಟ್ರಿಗರ್) ಎಳೆಯುತ್ತಾನೆ. ಪಾರಿವಾಳಕ್ಕೆ ಹೊಡೆಯುವವನು ಕೋವಿಯನ್ನು ನಿಲ್ಲಿಸಿದ ಕ್ಷಣವೇ ಚರೆಯೆಲ್ಲ ಹಕ್ಕಿಯ ಬಾಲದ ಹಿಂದೆ ಹೋಗಿ ಬೀಳುತ್ತದೆ. ಈ ಒಂದು ಚಾಳಿಯನ್ನು ಬಿಡಿಸಿಕೊಳ್ಳಲು, ಒಂದಕ್ಕೆ 35 ಪೆನ್ಸ್‌ನಂತೆ, ನಾಲ್ಕು ಭಾನುವಾರ ಅಭ್ಯಾಸಕ್ಕೆಂದು ಗಾಳಿಯಲ್ಲಿ ಹಾರಿಸುವ ಮಣ್ಣಿನ ತಟ್ಟೆಗಳಿಗೆ ಹೊಡೆದು 100 ಪೌಂಡಿನ ಹತ್ತಿರ ಸುರಿದಿದ್ದೇನೆ, ತೋಟೆಯ ಖರ್ಚು ಬೇರೆ.

ಉಳಿದ ಖರ್ಚನ್ನು ನೆನಪಿನಿಂದ ಹೇಳುವುದಾದರೆ ಹೀಗೆ. ಹಳೆಯ 12 ಬೋರ್, ಮೇಲೊಂದು ಕೆಳಗೊಂದು ನಳಿಗೆಯ ಕೋವಿಗೆ 450 ಪೌಂಡು, ಅದನ್ನಿಡುವ ಕಬ್ಬಿಣದ ಕಪಾಟಿಗೆ 120ರ ಆಸುಪಾಸು. ಪೊಲೀಸರ ಪ್ರಮಾಣಪತ್ರಕ್ಕೆ ನಾನು ಕೊಟ್ಟದ್ದು 79.50, 2025ರ ಫೆಬ್ರುವರಿಯಲ್ಲಿ ಅದು 194ಕ್ಕೆ ಏರಿದ್ದರಿಂದ ಈ ಒಂದು ವಿಷಯದಲ್ಲಿ ನಾನು ಬುದ್ಧಿವಂತನೆನಿಸಿಕೊಂಡೆ. ಮರೆ ಕಟ್ಟುವ ಬಲೆ, ಕೋಲು, ಕುಳಿತುಕೊಳ್ಳುವ ಡಬ್ಬ ಸೇರಿ 90, ಡಿಕಾಯ್ 24ಕ್ಕೆ 50, ಮ್ಯಾಗ್ನೆಟ್ ಮತ್ತು ಅದರ ಬ್ಯಾಟರಿಗೆ 110. ಹೊಲದ ಮಾಲೀಕರಾದ ರೈತರು ಹಕ್ಕಿ ಬೆದರಿಸುವ ಎರಡು ಗ್ಯಾಸ್ ಗನ್‌ಗಳನ್ನೂ ನಾಲ್ಕು ಗಾಳಿಪಟಗಳನ್ನೂ ಇಟ್ಟು ಸೋತ ಮೇಲೆಯೇ ನನ್ನನ್ನು ಕರೆದಿದ್ದರು. ಬೆಳೆಹಾನಿ ತಡೆಯಲು ಕಾಡುಪಾರಿವಾಳ ಹೊಡೆಯಲು ಅನುಮತಿಸುವ ಇಂಗ್ಲೆಂಡಿನ ಸಾಮಾನ್ಯ ಪರವಾನಗಿಯಾದ ಜಿಎಲ್ 42ರ ಷರತ್ತುಗಳ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ಮೊದಲ ದಿನ, ಜನವರಿಯ ಮಧ್ಯಭಾಗದಲ್ಲಿ, ಇನ್ನೂ ಕತ್ತಲಿರುವಾಗಲೇ ಹೊಲ ಸೇರಿದೆ. ಹಿಂದಿನ ವಾರ ಹಕ್ಕಿಗಳು ಅತಿ ಹೆಚ್ಚು ಕುಳಿತಿದ್ದ ಜಾಗ ಹೊಲದ ನಡುವಿನ ಚರಂಡಿಯ ಅಂಚಾದ್ದರಿಂದ ಅಲ್ಲಿಯೇ ಬಲೆಯಿಂದ ಮರಸು (ಅಡಗಿ ಕೂರುವ ಮರೆ) ಕಟ್ಟಿದೆ. ಗಾಳಿ ಬೆನ್ನಿಗಿರಬೇಕೆಂಬ ನಿಯಮವನ್ನು ಅಕ್ಷರಶಃ ಪಾಲಿಸಿ ದಕ್ಷಿಣಕ್ಕೆ ಮುಖಮಾಡಿ ಕುಳಿತೆ, 24 ಡಿಕಾಯ್‌ಗಳನ್ನು ಕುದುರೆಲಾಳದ ಆಕಾರದಲ್ಲಿ ಇಟ್ಟೆ, ಮ್ಯಾಗ್ನೆಟ್ಟನ್ನು ಪೂರ್ತಿ ವೇಗದಲ್ಲಿ ತಿರುಗಿಸಿದೆ. ಎಂಟೂವರೆಗೆ ಬಿಸಿಲು ಏರಿದಾಗ ಎರಡು ಸಂಗತಿಗಳು ಒಟ್ಟಿಗೆ ಗೊತ್ತಾದವು: ಜನವರಿಯ ತಗ್ಗು ಸೂರ್ಯ ನೇರವಾಗಿ ನನ್ನ ಕಣ್ಣಿಗೂ ಮುಖಕ್ಕೂ ಹೊಡೆಯುತ್ತಿದ್ದ, ಮಂಜು ಕರಗಿದ ಹೊಸ ಪ್ಲಾಸ್ಟಿಕ್ ಬೆನ್ನುಗಳು ತೊಳೆದಿಟ್ಟ ಸ್ಟೀಲ್ ತಟ್ಟೆಗಳ ಹಾಗೆ ಹೊಳೆಯುತ್ತಿದ್ದವು. ಇಪ್ಪತ್ನಾಲ್ಕೂ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ, ಪೆರೇಡಿಗೆ ನಿಂತ ಎನ್‌ಸಿಸಿ ಹುಡುಗರಂತಿದ್ದವು. ಹಿಂಡುಗಳು ನೂರು ಗಜದವರೆಗೆ ಬಂದು, ಒಮ್ಮೆಲೇ ಮೇಲೆದ್ದು, ಹೊಲದ ಆಚೆಯ ಮೂಲೆಗೆ ಹೋಗಿ ಇಳಿದು ನಿಶ್ಚಿಂತೆಯಿಂದ ಮೇಯತೊಡಗಿದವು. ಅಲ್ಲೊಂದು ಇಲ್ಲೊಂದು ಒಂಟಿ ಹಕ್ಕಿ ಹತ್ತಿರ ಬಂದಾಗ ನಾನು ಬೇಗ ಎದ್ದುನಿಂತು, ಕೋವಿಯನ್ನು ನಿಲ್ಲಿಸಿ, ಹಿಂದಕ್ಕೆ ಹೊಡೆದೆ. ಹನ್ನೊಂದರ ಹೊತ್ತಿಗೆ ಚಳಿಗೆ ಬ್ಯಾಟರಿ ಸತ್ತಿತು. ವಿಚಿತ್ರವೆಂದರೆ ಸಿಕ್ಕಿದ ಮೂರು ಹಕ್ಕಿಗಳೂ ಯಂತ್ರ ನಿಂತ ಮೇಲೆಯೇ ಸಿಕ್ಕಿದವು. ಆ ದಿನ ಅದನ್ನು ಆಕಸ್ಮಿಕವೆಂದುಕೊಂಡೆ.

ಎರಡನೆಯ ದಿನ ಮಳೆ ಮತ್ತು ಗಾಳಿಯಿಲ್ಲದ ಮಬ್ಬು. ಒಂದೂ ಸಿಗಲಿಲ್ಲ. ಮಧ್ಯಾಹ್ನದ ವೇಳೆಗೆ ಮನೆಗೆ ಬಂದೆ.

ಆಮೇಲೆ ನಾನು ಮಾಡಿದ್ದು ಖರ್ಚಿಲ್ಲದ ಕೆಲಸ. ಎರಡು ಮಧ್ಯಾಹ್ನ ಕೋವಿಯಿಲ್ಲದೆ ಹೋಗಿ, ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ, ದುರ್ಬೀನು ಹಿಡಿದು, ಹಕ್ಕಿ ಎಲ್ಲಿ ಇಳಿಯುತ್ತದೆ ಎಂಬುದನ್ನು ಬಿಟ್ಟು ಎಲ್ಲಿಂದ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ನೋಡಿದೆ. ಹೊಲದ ಪೂರ್ವಕ್ಕೊಂದು ಸಣ್ಣ ಕಾಡು, ಅಲ್ಲಿಂದ ಪಶ್ಚಿಮಕ್ಕೆ ಹೊಲದ ದಕ್ಷಿಣದ ಅಂಚಿನುದ್ದಕ್ಕೂ ಮುಳ್ಳುಬೇಲಿಯ ಸಾಲು, ಆ ಸಾಲಿನ ನಡುವೆ ಮೂರು ಆಶ್ ಮರಗಳು. ಹನ್ನೊಂದೂವರೆಯಿಂದ ಎರಡೂವರೆಯವರೆಗೆ, ಹಿಂಡು ದೊಡ್ಡದಿರಲಿ ಸಣ್ಣದಿರಲಿ, ಹತ್ತರಲ್ಲಿ ಏಳೆಂಟು ಸಲ ಹಕ್ಕಿಗಳು ಕಾಡಿನಿಂದ ಹೊರಟು ಬೇಲಿಯ ಪಕ್ಕದಲ್ಲೇ ಹಾರಿ, ಎರಡನೆಯ ಆಶ್ ಮರ ದಾಟಿದ ಮೇಲೆ ಹೊಲದ ಒಳಕ್ಕೆ ತಿರುಗುತ್ತಿದ್ದವು. ಬೆಳಿಗ್ಗೆ ಏಳಕ್ಕೆ ಹೋಗಿ ಚಳಿಯಲ್ಲಿ ಕುಳಿತ ನನ್ನ ಮೂರ್ಖತನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆದ್ದರಿಂದ ಹಕ್ಕಿ ಮೇಯುವ ಜಾಗವನ್ನು ಬಿಟ್ಟು ಆ ಎರಡನೆಯ ಮರದ ಬುಡದಲ್ಲಿ, ಬೇಲಿಯೊಳಗೇ ಮರಸು ಕಟ್ಟಿ, ಮ್ಯಾಗ್ನೆಟ್ ಬಿಟ್ಟು ಕೆಲವೇ ಡಿಕಾಯ್ ಇಡುತ್ತೇನೆಂದೆ. ಪಶ್ಚಿಮದ ಗಾಳಿಯಿರುವ ದಿನ ಹೋದರೆ ಹಕ್ಕಿ ಗಾಳಿಗೆ ಎದುರಾಗಿ ನಿಧಾನವಾಗಿ ಬರುತ್ತದೆ, ನಾನು ಉತ್ತರಕ್ಕೆ ಮುಖಮಾಡಿದರೆ ಸೂರ್ಯ ಬೆನ್ನ ಹಿಂದೆ ಬೇಲಿಯ ಆಚೆಗಿರುತ್ತಾನೆ, ನಾನು ಪೂರ್ತಿ ನೆರಳಿನಲ್ಲಿರುತ್ತೇನೆ ಎಂಬುದು ನನ್ನ ಲೆಕ್ಕ. ಆದರೆ ಹಾಗೆ ಕುಳಿತರೆ ಗಾಳಿ ಬೆನ್ನಿಗೆ ಬಾರದೆ ಎಡಗಡೆಯಿಂದ ಬರುತ್ತದೆ. ಮೂವತ್ತು ವರ್ಷಗಳಿಂದ ಹೊಡೆಯುತ್ತಿರುವ ಹಿರಿಯರೊಬ್ಬರು ಇದನ್ನು ಕೇಳಿ, 60 ಎಕರೆಯ ಹೊಲದ ಅಂಚಿನಲ್ಲಿ ಕೆಲವೇ ಡಿಕಾಯ್ ಇಟ್ಟರೆ ಹಕ್ಕಿಗಳಿಗೆ ಅವು ಕಾಣಿಸುವುದೇ ಇಲ್ಲ, ಮ್ಯಾಗ್ನೆಟ್ ಇಲ್ಲದೆ ಹೊಸಬನಿಗೆ ಹತ್ತೂ ಸಿಗುವುದಿಲ್ಲ ಎಂದರು. ಮಡಿಕೇರಿಯಿಂದ ಫೋನಿನಲ್ಲಿ ಮಾತನಾಡಿದ ಚಿಕ್ಕಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಅಷ್ಟು ದುಡ್ಡಿಗೆ ಅಲ್ಲಿ ಎಷ್ಟು ಕೋಳಿ ಬರುತ್ತೆ ಅಂತ ಮೊದಲು ವಿಚಾರಿಸು ಮಗ” ಎಂದರು.

ಡಿಕಾಯ್‌ಗಳ ಹೊಳಪನ್ನು ತೆಗೆಯುವುದಕ್ಕೆ ಹತ್ತು ದಿನ ಹಿಡಿಯಿತು. ಮೊದಲು ಹಳೆಯ ಕಾಲುಚೀಲ ತೊಡಿಸಿ ನೋಡಿದೆ. ಒದ್ದೆಯಾಗಿ ತೂಕ ಹೆಚ್ಚಿ ಕಡ್ಡಿಯಿಂದ ಕೆಳಗೆ ಜಾರಿದವು. ಅಂಗಡಿಯ ಹೊಳಪಿಲ್ಲದ ಬಣ್ಣ ಬಳಿದೆ. ಒಣಗಿದಾಗ ಚೆನ್ನಾಗಿತ್ತು, ನೀರು ಬಿದ್ದೊಡನೆ ಮತ್ತೆ ಮಿನುಗಿತು. ಕೊನೆಗೆ ಅದೇ ಬಣ್ಣಕ್ಕೆ ಜರಡಿ ಹಿಡಿದ ಸೌದೆಬೂದಿಯನ್ನೂ ಇನ್ನೊಂದು ವಸ್ತುವನ್ನೂ ಬೆರೆಸಿ ಬಳಿದಾಗ ಮಳೆಯಲ್ಲೂ ಹೊಳೆಯದ ಬೆನ್ನು ಸಿಕ್ಕಿತು. ಆ ಇನ್ನೊಂದು ವಸ್ತು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕುತ್ತಿಗೆಯ ಬಿಳಿ ಮಚ್ಚೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ. ಒಂಬತ್ತಕ್ಕೆ ಬಳಿಯುವಷ್ಟರಲ್ಲಿ ಡಬ್ಬ ಮುಗಿದಿತ್ತು. ಸಂಖ್ಯೆ ಒಂಬತ್ತಾಗಲು ಇದಕ್ಕಿಂತ ಘನವಾದ ಕಾರಣವಿಲ್ಲ.

ಆ ಶನಿವಾರ ಪಶ್ಚಿಮದ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಹತ್ತೂವರೆಗೆ ಹೋಗಿ, ಬಲೆಯನ್ನು ಕುಳಿತಾಗ ಮೂಗಿನ ಮಟ್ಟಕ್ಕಷ್ಟೇ ಏರಿಸಿ, ಮುಂದೆ ಹಾಥಾರ್ನ್ ಕೊಂಬೆಗಳನ್ನು ಹೆಣೆದೆ. ಡಿಕಾಯ್‌ಗಳನ್ನು 20ರಿಂದ 25 ಗಜ ದೂರದಲ್ಲಿ, ಒಂದಕ್ಕೊಂದು ಐದಾರು ಹೆಜ್ಜೆ ಬಿಟ್ಟು, ಹೆಚ್ಚಿನವು ಗಾಳಿಯ ಕಡೆಗೆ ಆದರೆ ಎರಡು ಮೂರು ಅಡ್ಡಾದಿಡ್ಡಿಯಾಗಿ, ಬಲಗಡೆ ಇಳಿಯಲು ಜಾಗ ತೆರೆದಿಟ್ಟು ಚೆಲ್ಲಿದೆ. ಹನ್ನೊಂದೂವರೆಯವರೆಗೆ ಏನೂ ಇಲ್ಲ. ಆಮೇಲೆ ಕಾಡಿನ ಕಡೆಯಿಂದ ಒಂದು ಹಕ್ಕಿ ಬೇಲಿಯ ಎತ್ತರಕ್ಕೇ ಬಂದು, ಮೊದಲನೆಯ ಆಶ್ ಮರ ದಾಟುತ್ತಲೇ ರೆಕ್ಕೆ ಬಡಿಯುವುದನ್ನು ನಿಲ್ಲಿಸಿ, ರೆಕ್ಕೆಗಳನ್ನು ಬಿಗಿಯಾಗಿ ಚಾಚಿ, ತೆರೆದ ಜಾಗದ ಕಡೆಗೆ ಜಾರತೊಡಗಿತು. ರೆಕ್ಕೆಯ ಮೇಲಿನ ಬಿಳಿಪಟ್ಟಿ ಕಾಣಿಸಿತು, ಕುತ್ತಿಗೆ ಕಾಣಿಸಿತು, ಅದು ಕಾಲು ಇಳಿಬಿಟ್ಟದ್ದೂ ಕಾಣಿಸಿತು. ಅಲ್ಲಿಯವರೆಗೆ ನಾನು ಮಿಸುಕಲಿಲ್ಲ. ಬಲದಿಂದ ಎಡಕ್ಕೆ ದಾಟುವ ಹಕ್ಕಿ ಬಲಗೈಯವನಿಗೆ ಸುಲಭ. ಕೋವಿಯನ್ನು ಓಡಿಸುತ್ತಲೇ ಹೊಡೆದೆ. ಹಕ್ಕಿ ಡಿಕಾಯ್‌ಗಳ ನಡುವೆಯೇ ಬಿತ್ತು.

ನಂತರದ ಎರಡೂವರೆ ಗಂಟೆಯಲ್ಲಿ ಒಂಟಿಯಾಗಿಯೋ ಎರಡು ಮೂರಾಗಿಯೋ ಬಂದವಕ್ಕೆ ಮಾತ್ರ ಹೊಡೆದೆ. ನೂರರ ಹಿಂಡುಗಳು ಎರಡು ಸಲ ತಲೆಯ ಮೇಲೆಯೇ ಹೋದವು, ಆಗ ಕೋವಿಯನ್ನು ಮುಟ್ಟಲಿಲ್ಲ. ಹಿಂಡಿಗೆ ಹೊಡೆದು ಒಂದನ್ನು ಬೀಳಿಸಿದರೆ ಉಳಿದ ತೊಂಬತ್ತೊಂಬತ್ತು ಆ ದಿನ ಮರಳುವುದಿಲ್ಲ. ಬಿಳಿಪಟ್ಟಿಯಿಲ್ಲದ, ಸ್ವಲ್ಪ ಚಿಕ್ಕದಾದ ಬೂದು ಹಕ್ಕಿಯೊಂದು ಚೆಲುವಾಗಿ ಇಳಿಯಿತು. ಅದು ಸ್ಟಾಕ್ ಡವ್, ಕಾನೂನಿನ ರಕ್ಷಣೆಯುಳ್ಳದ್ದು, ಐದು ನಿಮಿಷ ಪ್ಲಾಸ್ಟಿಕ್ ನೆಂಟರ ನಡುವೆ ಮೇದು ಹೋಯಿತು. ಬಿದ್ದ ಹಕ್ಕಿಗಳನ್ನು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಆಯ್ದು, ಗದ್ದದ ಕೆಳಗೆ ಕಡ್ಡಿ ಕೊಟ್ಟು ಡಿಕಾಯ್‌ಗಳ ಜೊತೆಗೆ ಕೂರಿಸುತ್ತ ಹೋದೆ. ಮೊದಲ ಸತ್ತ ಹಕ್ಕಿಯನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿಯೂ ಒಂದು ಗುಟ್ಟಿದೆ, ಅದನ್ನು ಎದುರಿಗೆ ಸಿಕ್ಕವರಿಗೆ ಹೊಲದಲ್ಲಿಯೇ ತೋರಿಸುತ್ತೇನೆ.

ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ಹನ್ನೆರಡೂವರೆಗೆ ಎರಡು ಸತ್ತ ಹಕ್ಕಿಗಳ ರೆಕ್ಕೆ ಬಿಡಿಸಿ, ಬಿಳಿಪಟ್ಟಿ ಕಾಣುವಂತೆ ಎಡಭಾಗದಲ್ಲಿಟ್ಟು, ಅರ್ಧ ಗಂಟೆಯಾದ ಮೇಲೆ ಮುಚ್ಚಿದೆ. ತೆರೆದಿದ್ದಾಗ ಹಕ್ಕಿಗಳು ದೂರದಿಂದಲೇ ತಿರುಗಿ ನೋಡಿದವು, ಆದರೆ ಹನ್ನೊಂದು ಬಂದವುಗಳಲ್ಲಿ ಆರು ಕೊನೆಯ ಗಳಿಗೆಯಲ್ಲಿ ಹಿಂಜರಿದವು. ಮುಚ್ಚಿದ ಮೇಲೆ ಹತ್ತರಲ್ಲಿ ಎರಡೋ ಮೂರೋ ಮಾತ್ರ. ಒಂದು ಮಧ್ಯಾಹ್ನದ ಲೆಕ್ಕದಿಂದ ಸಿದ್ಧಾಂತ ಕಟ್ಟಲಾಗದು, ಆದರೆ ಬೇಲಿಯ ಸಾಲಿನಲ್ಲಿ ಹಕ್ಕಿ ಹೇಗೂ ಬರುತ್ತಿರುವಾಗ ಅದನ್ನು ದೂರದಿಂದ ಕರೆಯುವ ಅಗತ್ಯವಿಲ್ಲ, ಹತ್ತಿರ ಬಂದಾಗ ಬೆದರಿಸದಿದ್ದರೆ ಸಾಕು ಎಂದು ನನಗನ್ನಿಸಿತು. ಮೊದಲ ದಿನ ಬ್ಯಾಟರಿ ಸತ್ತ ಮೇಲೆ ಸಿಕ್ಕ ಮೂರು ಹಕ್ಕಿಗಳು ಆಗ ನೆನಪಾದವು. ಮ್ಯಾಗ್ನೆಟ್ಟನ್ನು ಮಾರಲು ಹಾಕಿದ್ದೇನೆ, 60 ಪೌಂಡಿಗೆ ಯಾರಾದರೂ ಕೊಂಡರೆ ಸಂತೋಷ.

ಎರಡೂವರೆಗೆ ಎಣಿಸಿದಾಗ ಕೈಗೆ ಸಿಕ್ಕಿದ್ದು 38, ಬೇಲಿಯ ಆಚೆ ಮುಳ್ಳಿನಲ್ಲಿ ಬಿದ್ದು ಸಿಗದೆ ಹೋದದ್ದು 2. ನಾಯಿಯಿಲ್ಲದ್ದರ ದಂಡ ಅದು. ಖಾಲಿ ತೋಟೆ 120ರ ಒಳಗೆ. 250ರ ಪೆಟ್ಟಿಗೆಗೆ 82 ಪೌಂಡು ಕೊಟ್ಟಿದ್ದರಿಂದ ಆ ದಿನದ ತೋಟೆಯ ಖರ್ಚು 39ರ ಸುಮಾರು. ಮಾಂಸದ ವ್ಯಾಪಾರಿ ಹಕ್ಕಿಯೊಂದಕ್ಕೆ 40 ಪೆನ್ಸ್‌ನಂತೆ 25ನ್ನು ತೆಗೆದುಕೊಂಡು 10 ಪೌಂಡು ಕೊಟ್ಟರು. ನಷ್ಟವೇ, ಆದರೆ ರೈತರು ಮರುದಿನ ಫೋನ್ ಮಾಡಿ ವಸಂತದಲ್ಲಿ ಬಟಾಣಿ ಬಿತ್ತುವ ಎರಡು ಹೊಲಗಳಿಗೂ ಬರಲು ಹೇಳಿದರು. ಹಾಗೆ ಕೇಳಿಸಿಕೊಳ್ಳಲು ಮೂವತ್ತು ವರ್ಷದ ಅನುಭವವಿರುವ ಆ ಹಿರಿಯರು ಆರು ವರ್ಷ ಕಾದಿದ್ದರಂತೆ.

ಉಳಿದ 13ನ್ನು ಮನೆಗೆ ತಂದೆ. ಕಾಡುಪಾರಿವಾಳದ ಪುಕ್ಕ ಮುಟ್ಟಿದರೇ ಕಳಚಿಕೊಳ್ಳುತ್ತದೆ; ಹಿತ್ತಿಲೆಲ್ಲ ಬೂದು ಹಂಜಿ ಹಾರಾಡಿತು. ಎದೆಯ ಮಾಂಸವನ್ನು ಕಾಚಂಪುಳಿ ಮತ್ತು ಕರಿಮೆಣಸು ಹಚ್ಚಿ, ಕಬ್ಬಿಣದ ಬಾಣಲೆಯಲ್ಲಿ ಒಂದೊಂದು ಬದಿಗೆ ಎರಡೇ ನಿಮಿಷ ಬಾಡಿಸಿದೆ. ಮೊದಲ ಸಲ ಹಂದಿಮಾಂಸದ ಹಾಗೆ ಮುಕ್ಕಾಲು ಗಂಟೆ ಬೇಯಿಸಿ ಚಪ್ಪಲಿಯ ಅಟ್ಟೆ ಮಾಡಿದ್ದೆ. ಹಕ್ಕಿಗಳ ಕೊರಳಚೀಲ ಕೊಯ್ದಾಗ ಸಾಸಿವೆ ಎಲೆಯ ಚೂರುಗಳು ಇನ್ನೂ ಹಸಿರಾಗಿ, ಒತ್ತಿ ತುಂಬಿದ ಹಾಗೆ ಇದ್ದವು. ರೈತರಿಗೆ ತೋರಿಸಲೆಂದು ಆರು ಚೀಲಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಒಂದೊಂದೂ 40ರಿಂದ 50 ಗ್ರಾಂ ಬಂತು. ಆ ತಕ್ಕಡಿಯಲ್ಲಿ ಇನ್ನು ಮುಂದೆ ಹಿಟ್ಟು ತೂಗುವುದಿಲ್ಲವೆಂದು ಹೆಂಡತಿ ಹೇಳಿದ್ದರಿಂದ ಹೊಸದೊಂದನ್ನು 12 ಪೌಂಡಿಗೆ ತಂದೆ, ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿದ್ದೇನೆ.